ಬಾಣಂತಿ ಕೊಆಲಾದ ಮೂಗಿನಲ್ಲಿ ಸಿಕ್ಕಿದ್ದು

ಲ್ಯಾಬಿನಿಂದ ಫೋಟೋ ಬಂದಾಗ ನಾನು ಕೊಆಲಾ ಮನೆಯ ಹಿಂದಿನ ಶೀತಲ ಕೋಣೆಯಲ್ಲಿ ನೀಲಗಿರಿ ಸೊಪ್ಪಿನ ಪೆಟ್ಟಿಗೆ ಬಿಚ್ಚಿಸುತ್ತಿದ್ದೆ. ಹಿಮಬಿರುಗಾಳಿಗೆ ವಿಮಾನ ತಡವಾಗಿ ಸೊಪ್ಪು ಪಿಯರ್ಸನ್ ವಿಮಾನ ನಿಲ್ದಾಣದ ಕಾರ್ಗೋ ಶೆಡ್ಡಿನಲ್ಲೇ ಬಿದ್ದಿತ್ತು. ಚಿಗುರು ಕಪ್ಪಾಗಿದೆಯೇ ಎಂದು ಒಂದೊಂದು ಗೊಂಚಲನ್ನೂ ಎತ್ತಿ ನೋಡುತ್ತಿದ್ದಾಗ ಜೇಬಿನಲ್ಲಿ ಫೋನು ನಡುಗಿತು. ಕೈಗವಸು ತೆಗೆದು ನೋಡಿದೆ. ಗಾಜಿನ ತಟ್ಟೆಯೊಂದರ ಚಿತ್ರ. ಅದರ ಮೇಲೆ ಗೀರು ಗೀರಾಗಿ, ಚಹಾದ ಕಲೆಯಂಥ ಕಂದು ಚುಕ್ಕೆಗಳು. ಕೆಳಗೆ ಒಂದೇ ಸಾಲು: "ನಿಮ್ಮ ಮೂರನೇ ಪ್ರಾಣಿ. ಫೋನ್ ಮಾಡಿ."

ಆ ತಟ್ಟೆಯಲ್ಲಿರುವುದು ಗುರೆಳ್ಳಿನ ಸಾರದಿಂದ ಮಾಡಿದ ಅಗಾರ್, ಶಿಲೀಂಧ್ರ ಬೆಳೆಸಿ ನೋಡುವ ಲೋಳೆ. ನಮ್ಮ ಧಾರವಾಡದ ಕಡೆ ರೊಟ್ಟಿಗೆ ಚಟ್ನಿಪುಡಿ ಮಾಡುವ ಅದೇ ಗುರೆಳ್ಳು. ಅದರ ಮೇಲೆ ಬೆಳೆಯುವ ಬೇರೆ ಯೀಸ್ಟುಗಳೆಲ್ಲ ಬೆಳ್ಳಗೆ, ಕೆನೆಬಣ್ಣಕ್ಕೆ ಇರುತ್ತವೆ. ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರ ಮಾತ್ರ ಕಂದು ಬಣ್ಣಕ್ಕೆ ತಿರುಗುತ್ತದೆ. ಕೊಆಲಾಗಳ ಮೂಗಿನಲ್ಲಿ ಅದು ಏನೂ ಮಾಡದೆ ಕೂತಿರಬಹುದು. ಕೆಲವೊಮ್ಮೆ ಅಲ್ಲಿಂದಲೇ ಶ್ವಾಸಕೋಶಕ್ಕೆ, ಮಿದುಳಿಗೆ ಇಳಿದು ಪ್ರಾಣಿಯನ್ನು ಕೊಲ್ಲಲೂಬಹುದು. ಯಾವುದು ಸುಮ್ಮನೆ ಕೂರುತ್ತದೆ, ಯಾವುದು ಇಳಿಯುತ್ತದೆ ಎಂದು ತಟ್ಟೆ ನೋಡಿ ಹೇಳಲು ಬರುವುದಿಲ್ಲ.

ಟೊರಾಂಟೊದ ಹೊರವಲಯದ ಒಂದು ಮೃಗಾಲಯದಲ್ಲಿ ನಾವು ಇಬ್ಬರು ಪಶುವೈದ್ಯರಿದ್ದೆವು, ಮುಖ್ಯ ವೈದ್ಯರು ಮತ್ತು ನಾನು. ಆಸ್ಟ್ರೇಲಿಯಾದಿಂದ ಎರವಲು ಬಂದ ಮೂರು ಕೊಆಲಾಗಳು ನನ್ನ ಜವಾಬ್ದಾರಿಯಲ್ಲಿದ್ದವು: ಒಂದು ಗಂಡು, ಎರಡು ಹೆಣ್ಣು. ಕಾಯಿಲೆ ಕಂಡು ನಾನು ಪರೀಕ್ಷೆ ಮಾಡಿಸಿರಲಿಲ್ಲ. ವಾಡಿಕೆಯಂತೆ ಮೂಗಿಗೆ ಹತ್ತಿಕಡ್ಡಿ ಹಾಕಿ ಕಳಿಸಿದ್ದೆ, ಅಷ್ಟೆ. ಗಂಡಿನ ತಟ್ಟೆಯಲ್ಲಿ ಒಂದೆರಡು ಕಂದು ಚುಕ್ಕೆ. ಎಳೆಯ ಹೆಣ್ಣಿನದರಲ್ಲಿ ಏನೂ ಇಲ್ಲ. ಮೂರನೆಯದರಲ್ಲಿ ಎಣಿಸಲಾಗದಷ್ಟು. ಆ ಮೂರನೆಯದರ ಹೊಟ್ಟೆಚೀಲದಲ್ಲಿ ಇನ್ನೂ ಕೂದಲು ಮೂಡದ ಮರಿಯಿತ್ತು.

ಅದನ್ನು ಕೊಆಲಾಗಳ ಆರೈಕೆ ಮಾಡುವ ನಮ್ಮ ಕೀಪರ್ ಬಾಣಂತಿ ಎಂದೇ ಕರೆಯುತ್ತಿದ್ದರು. ಕೀಪರ್ ಮೂಡುಬಿದಿರೆ ಕಡೆಯವರು, ಮನೆಮಾತು ತುಳು, ಇದ್ದದ್ದು ಟೊರಾಂಟೊ ಪಕ್ಕದ ಬ್ರ್ಯಾಂಪ್ಟನ್ನಿನಲ್ಲಿ. ನನಗಿಂತ ಹತ್ತು ವರ್ಷಕ್ಕಾದರೂ ಹಿರಿಯರು, ಹಾಗಾಗಿ ನಾನು ಅವರನ್ನು ಅಕ್ಕಾರ ಎನ್ನುತ್ತಿದ್ದೆ. ಅವರು ನನ್ನನ್ನು ಡಾಕ್ಟ್ರೇ ಎನ್ನುತ್ತಿದ್ದರು. ಇಡೀ ಮೃಗಾಲಯದಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಅವರದು ಒಂದು ಕನ್ನಡ, ನನ್ನದು ಇನ್ನೊಂದು.

ಫೋಟೋ ತೋರಿಸಿದಾಗ ಅವರು ಕೇಳಿದ್ದು ಒಂದೇ ಮಾತು.

"ಸಾಯ್ತದಾ ಡಾಕ್ಟ್ರೇ?"

"ಇಲ್ರಿ ಅಕ್ಕಾರ, ಇನ್ನೂ ಹಂಗೇನೂ ಹೇಳಲಿಕ್ಕೆ ಬರೂದಿಲ್ಲ. ಮೂಗಿನಾಗ ಅದ ಅಂದ್ರ ರೋಗ ಅದ ಅಂತಲ್ಲ."

"ಮತ್ತೆ ನಿಮ್ಮ ಮುಖ ಯಾಕೆ ಹಾಗುಂಟು?"

ಫೋನನ್ನು ಜೇಬಿಗಿಳಿಸಿ ಮುಖ್ಯ ವೈದ್ಯರ ಕೋಣೆಗೆ ನಡೆದೆ.

ಮುಖ್ಯ ವೈದ್ಯರು ಫೋಟೋವನ್ನು ಹಿಗ್ಗಿಸಿ ಬಹಳ ಹೊತ್ತು ನೋಡಿದರು. ಹಿಂದೆ ಬೇರೆ ಮೃಗಾಲಯವೊಂದರಲ್ಲಿ ಕೊಆಲಾ ಮರದ ಮೇಲೆಯೇ ಸೆಟೆದು ಕೆಳಗೆ ಬಿದ್ದದ್ದನ್ನು ಕಣ್ಣಾರೆ ಕಂಡವರು ಅವರು. ಶವಪರೀಕ್ಷೆಯಲ್ಲಿ ಮಿದುಳಿನ ತುಂಬ ಇದೇ ಶಿಲೀಂಧ್ರ ಸಿಕ್ಕಿತ್ತಂತೆ. "ಬೀಳುವ ವಾರದವರೆಗೂ ಅದು ಚೆನ್ನಾಗಿ ತಿನ್ನುತ್ತಿತ್ತು," ಎಂದರು. "ಮೂರಕ್ಕೂ ಫ್ಲುಕೊನಜೋಲ್ ಶುರು ಮಾಡೋಣ."

ಶಿಲೀಂಧ್ರ ಕೊಲ್ಲುವ ಆ ಔಷಧ ತಿಂಗಳುಗಟ್ಟಲೆ ಬಾಯಿಗೆ ಹಾಕಬೇಕಾದದ್ದು. ಕೊಆಲಾದ ಜೀವ ಇರುವುದೇ ಅದರ ಹಸಿವಿನಲ್ಲಿ. ಯಾವ ಔಷಧಕ್ಕಾದರೂ ಹೊಟ್ಟೆ ಕೆಟ್ಟು ಒಮ್ಮೆ ಸೊಪ್ಪು ಬಿಟ್ಟರೆ ಮತ್ತೆ ಹಿಡಿಸುವುದು ಬಲು ಕಷ್ಟ. ಹಾಲೂಡಿಸುವ ತಾಯಿಗೆ ಕೊಟ್ಟರೆ ಚೀಲದೊಳಗಿನ ಮರಿಗೆ ಏನಾಗುತ್ತದೆ ಎಂಬುದಕ್ಕೆ ನಾನು ಹುಡುಕಿದಲ್ಲೆಲ್ಲೂ ಖಚಿತ ಉತ್ತರ ಸಿಗಲಿಲ್ಲ. "ರಕ್ತದ ಫಲಿತಾಂಶ ಬರುವವರೆಗೆ ಸಮಯ ಕೊಡಿ," ಎಂದು ಕೇಳಿದೆ. ಅವರು ಒಪ್ಪಿದರು, ಆದರೆ ಔಷಧಕ್ಕೆ ಆರ್ಡರ್ ಅಂದೇ ಹಾಕಿದರು.

ಮಾರನೆಯ ಬೆಳಿಗ್ಗೆ ಮೂರರದೂ ರಕ್ತ ತೆಗೆದೆವು. ಅಕ್ಕ ಬಾಣಂತಿಯನ್ನು ಟವೆಲಿನಲ್ಲಿ ಸುತ್ತಿ ಎದೆಗೊರಗಿಸಿಕೊಂಡು, ಒಂದು ಕೈಯಿಂದ ಅದರ ಮುಂಗಾಲನ್ನು ನನ್ನತ್ತ ಚಾಚಿ ಹಿಡಿದರು. ಕೂದಲು ಬೋಳಿಸಿ, ಸ್ಪಿರಿಟ್ ಒರೆಸಿ, ಸಣ್ಣ ಸೂಜಿ ಹಾಕಿದೆ. ಟವೆಲಿನೊಳಗೆ ಎಲ್ಲೋ ಮರಿ ಮಿಸುಕಿದ್ದು ಅಕ್ಕನಿಗೆ ತಿಳಿಯಿತು. "ಉಂಟು, ಜೀವ ಉಂಟು," ಎಂದು ಪಿಸುಗುಟ್ಟಿದರು. ರಕ್ತದಲ್ಲಿ ಹುಡುಕುವುದು ಶಿಲೀಂಧ್ರದ ಹೊರಕವಚದ ಚೂರುಗಳನ್ನು. ಅದು ಅಂಗಾಂಶದೊಳಗೆ ಹೊಕ್ಕು ಬೆಳೆಯತೊಡಗಿದ್ದರೆ ಮಾತ್ರ ಆ ಚೂರುಗಳು ರಕ್ತದಲ್ಲಿ ಸಿಗುತ್ತವೆ. ಆಸ್ಟ್ರೇಲಿಯಾದಲ್ಲಿ ಈ ಪ್ರಾಣಿಗಳನ್ನು ಹಿಂದೆ ನೋಡಿಕೊಂಡ ವೈದ್ಯೆ ವಿಡಿಯೋ ಕರೆಯಲ್ಲಿ ನನಗೆ ಅದನ್ನೇ ಹೇಳಿದರು: "ಮೂಗು ಹೇಳುವುದು ನಿಮ್ಮ ಕಟ್ಟಡದ ವಿಷಯ. ರಕ್ತ ಹೇಳುವುದು ಪ್ರಾಣಿಯ ವಿಷಯ. ಎರಡನ್ನೂ ಕೇಳಿ, ಒಂದಕ್ಕೊಂದು ಬೆರೆಸಬೇಡಿ."

ಕಟ್ಟಡದ ವಿಷಯ ಕೇಳುವ ಕೆಲಸ ಆ ಮಧ್ಯಾಹ್ನವೇ ಶುರುವಾಯಿತು. ಒದ್ದೆ ಹತ್ತಿಕಡ್ಡಿ ಹಿಡಿದು ಗೋಡೆ, ಗಾಳಿಕಿಂಡಿ, ಸೊಪ್ಪಿನ ಕುಂಡ, ತೂಕದ ಯಂತ್ರ ಎಲ್ಲವನ್ನೂ ಉಜ್ಜಿದೆ. ಕೊಆಲಾಗಳು ಹತ್ತಿ ಕೂರಲು ನೆಟ್ಟಿದ್ದ ನೀಲಗಿರಿ ಕಾಂಡಗಳನ್ನು ಒಂದೊಂದಾಗಿ ಉಜ್ಜಿದೆ. ಕಟ್ಟಡ ಕಟ್ಟಿದಾಗ ದೂರದಿಂದ ತರಿಸಿದ್ದ ಹಳೆಯ ಕಾಂಡಗಳು ಅವು. ಬಾಣಂತಿ ಸದಾ ಮಲಗುವ ಕವಲಿನ ಬುಡದಲ್ಲಿ ಮರ ಮೆತ್ತಗಾಗಿತ್ತು. ಬೆರಳಿಟ್ಟರೆ ಕಾಫಿಪುಡಿಯಂತೆ ಉದುರಿತು.

ವಾರ ಕಳೆದು ಎರಡೂ ಉತ್ತರ ಬಂದವು. ರಕ್ತ ಮೂರರದೂ ನೆಗೆಟಿವ್. ಗೋಡೆ, ಗಾಳಿಕಿಂಡಿ ಬಹುತೇಕ ಶುದ್ಧ. ಆ ಕವಲಿನ ತಟ್ಟೆ ಮಾತ್ರ ಅಂಚಿನಿಂದ ಅಂಚಿಗೆ ಕಂದು. ಬಾಣಂತಿ ದಿನದ ಬಹುಪಾಲು ಅದೇ ಪುಡಿಗೆ ಮೂಗು ತಾಗಿಸಿ ನಿದ್ದೆ ಮಾಡುತ್ತಿತ್ತು.

ಕಾಂಡಗಳನ್ನು ತೆಗೆಯಬೇಕು ಎಂಬುದರಲ್ಲಿ ನನಗೂ ಮುಖ್ಯ ವೈದ್ಯರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಔಷಧದ ವಿಷಯದಲ್ಲಿ ಇತ್ತು. "ಇವತ್ತು ನೆಗೆಟಿವ್. ಮುಂದಿನ ತಿಂಗಳು?" ಎಂದರು ಅವರು. ಕಾಂಡ ಬದಲಾಯಿಸಿ, ತೂಕ ನೋಡುತ್ತ, ರಕ್ತ ಮತ್ತೆ ಪರೀಕ್ಷಿಸೋಣ ಎಂದೆ. "ತೂಕ ಇಳಿದರೆ ಕಾಯುವುದಿಲ್ಲ," ಎಂದರು. ಒಪ್ಪಿಕೊಂಡೆ.

ಹಳೆಯ ಮರ ಕೀಳುವಾಗ ಪುಡಿ ಗಾಳಿಗೆ ಏಳುತ್ತದೆ. ಈ ಶಿಲೀಂಧ್ರ ಕೊಆಲಾದಿಂದ ಮನುಷ್ಯರಿಗೆ ಹರಡುವಂಥದ್ದಲ್ಲ, ಆದರೆ ಕೊಆಲಾ ಎಳೆದುಕೊಳ್ಳುವ ಗಾಳಿಯನ್ನೇ ನಾವೂ ಎಳೆದುಕೊಳ್ಳುತ್ತೇವೆ. ಆರೋಗ್ಯವಂತರಿಗೆ ಹೆಚ್ಚಿನಂಶ ಏನೂ ಆಗುವುದಿಲ್ಲ. ಆದರೂ ಆ ಮನೆಯೊಳಗೆ ಕಾಲಿಡುವವರೆಲ್ಲ ಬಿಗಿ ಮಾಸ್ಕ್ ಹಾಕಬೇಕು, ಅದಕ್ಕೆ ಮೊದಲು ಸಿಬ್ಬಂದಿಯ ಆರೋಗ್ಯ ನೋಡುವ ನರ್ಸ್ ಹತ್ತಿರ ಹೋಗಿ ಮಾಸ್ಕಿನ ಅಳತೆ ನೋಡಿಸಿಕೊಂಡು, ಆರೋಗ್ಯದ ಪ್ರಶ್ನೆಗಳಿಗೆ ಉತ್ತರ ಹೇಳಿಬರಬೇಕು ಎಂದು ನಾನೇ ನಿಯಮ ಮಾಡಿದೆ. ಎಲ್ಲರೂ ಹೋಗಿಬಂದರು. ಅಕ್ಕ ಹೋಗಲಿಲ್ಲ. ಇವತ್ತು ಸೊಪ್ಪಿನ ಗಾಡಿ ಬರುತ್ತದೆ, ನಾಳೆ ಕಾರಿನ ಟೈರ್ ಬದಲಾಯಿಸಬೇಕು ಎಂದು ಒಂದಲ್ಲ ಒಂದು ನೆಪ.

ಶನಿವಾರ ಅವರೇ ಫೋನ್ ಮಾಡಿದರು. "ನಿಮ್ಮ ಮನೆ ಹತ್ರವೇ ಬರ್ತೇನೆ ಡಾಕ್ಟ್ರೇ. ಸ್ವಲ್ಪ ಮಾತಾಡ್ಲಿಕ್ಕುಂಟು." ನಾನಿರುವುದು ಸ್ಟ್ರೀಟ್ಸ್‌ವಿಲ್‌ನಲ್ಲಿ. ಕ್ವೀನ್ ಸ್ಟ್ರೀಟಿನ ಕಾಫಿ ಅಂಗಡಿಯ ಕಿಟಕಿ ಪಕ್ಕ ಕೂತೆವು. ಅವರು ಕೋಟು ಬಿಚ್ಚಲಿಲ್ಲ. ಕಪ್ಪನ್ನು ಎರಡೂ ಅಂಗೈಗಳ ನಡುವೆ ಹಿಡಿದಿದ್ದರು. ಬೆರಳ ಗೆಣ್ಣುಗಳು ಊದಿಕೊಂಡಿದ್ದವು. ಎಷ್ಟೋ ಬಾರಿ ನೋಡಿದ್ದೆ. ಚಳಿಗೆ, ಕೆಲಸಕ್ಕೆ ಎಂದುಕೊಂಡಿದ್ದೆ.

"ನನಗೆ ಸಂಧಿವಾತ ಉಂಟು," ಎಂದರು. "ಸಾದಾ ಗಂಟುನೋವಲ್ಲ, ರುಮಟಾಯ್ಡ್. ಇಂಜೆಕ್ಷನ್ ತಗೊಳ್ತೇನೆ. ಇಮ್ಯುನಿಟಿ ತಗ್ಗಿಸುವ ಇಂಜೆಕ್ಷನ್."

ನಾನು ಕುರ್ಚಿ ಮುಂದಕ್ಕೆಳೆದು ದನಿ ತಗ್ಗಿಸಿದೆ.

"ಆಫೀಸಿಗೆ ಗೊತ್ತದ ಏನ್ರಿ?"

"ಇಲ್ಲ. ಗೊತ್ತಾದ್ರೆ ನನ್ನನ್ನು ಟಿಕೆಟ್ ಕೌಂಟರಿಗೆ ಹಾಕ್ತಾರೆ. ಮೊನ್ನೆಯಿಂದ ಸ್ವಲ್ಪ ಕೆಮ್ಮು ಬೇರೆ."

"ಅಕ್ಕಾರ, ನೀವು ನಾಳಿಂದ ಆ ಮನಿಯೊಳಗ ಕಾಲಿಡಬ್ಯಾಡ್ರಿ."

"ಅದಕ್ಕೇ ನಿಮ್ಮತ್ರ ಬಂದದ್ದು. ಮಾಸ್ಕ್ ಹಾಕ್ತೇನೆ, ಮರ ತೆಗಿಯುವ ದಿನ ರಜೆ ಹಾಕ್ತೇನೆ. ಮತ್ತೆ ಎಂತದ್ದು? ಬಾಣಂತಿ ನನ್ನ ಕೈಯಿಂದ್ಲೇ ತಿನ್ನುದು, ನಿಮಗೆ ಗೊತ್ತುಂಟಲ್ಲಾ. ಈಗ ನಾನೂ ಇಲ್ಲ, ಅದರ ಮರವೂ ಇಲ್ಲ ಅಂತಾದ್ರೆ ಅದು ಸೊಪ್ಪು ಬಿಡ್ತದೆ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದೇ ಭಯ ನನಗೂ ಇತ್ತು. ಒಂದು ಕ್ಷಣ, ಬರೀ ಒಂದು ಕ್ಷಣ, ಮಾಸ್ಕ್ ಹಾಕಿಕೊಂಡು ಕೆಲಸ ನಡೆಸಿದರೆ ಆದೀತೇನೋ ಎಂದು ನಾನೂ ಲೆಕ್ಕ ಹಾಕಿದೆ. ಆಗ ಅವರು ಮುಖ ತಿರುಗಿಸಿ ತೋಳಿಗೆ ಕೆಮ್ಮಿದರು.

"ಸೋಮವಾರ ನರ್ಸ್‌ಗೆ ನೀವಽ ಹೇಳ್ರಿ. ನಿಮ್ಮ ಡಾಕ್ಟರಿಗೆ ಇವತ್ತಽ ಫೋನ್ ಮಾಡ್ರಿ, ಕ್ರಿಪ್ಟೊಕಾಕಸ್ ಅಂತ ಹೆಸರು ಹಿಡದಽ ಹೇಳ್ರಿ. ನೀವು ಹೇಳದಿದ್ರ, ನಿಮ್ಮನ್ನ ಆ ಮನಿಗೆ ಬಿಡಬ್ಯಾಡ್ರಿ ಅಂತ ನಾ ಹೇಳಬೇಕಾಗ್ತದ. ಯಾಕ ಅಂತ ಹೇಳೂದಿಲ್ಲ. ಆದ್ರ ಬಿಡಬ್ಯಾಡ್ರಿ ಅಂತ ಮಾತ್ರ ಹೇಳ್ತೀನಿ."

ಅವರು ಕಪ್ಪನ್ನು ಮೇಜಿನ ಮೇಲಿಟ್ಟು ದೂರ ಸರಿಸಿದರು.

"ನಾನು ನಿಮಗೆ ಹೇಳಿದ್ದು ನೀವು ಅಕ್ಕ ಅಂತೀರಿ ಅಂತ. ಡಾಕ್ಟ್ರು ಅಂತ ಅಲ್ಲ."

ಕಾಫಿ ಹಾಗೇ ಬಿಟ್ಟು ಎದ್ದುಹೋದರು. ಕಾರಿನ ಗಾಜಿನ ಮೇಲಿನ ಹಿಮವನ್ನು ಆ ಊದಿದ ಕೈಗಳಿಂದ ಕೆರೆಯುತ್ತಿದ್ದುದು ಕಿಟಕಿಯಿಂದ ಕಾಣುತ್ತಿತ್ತು. ಹೊರಗೆ ಹೋಗಿ ಕೆರೆದುಕೊಡಬೇಕೆನಿಸಿತು. ಹೋಗಲಿಲ್ಲ.

ಸೋಮವಾರ ಅವರೇ ನರ್ಸ್ ಬಳಿ ಹೋಗಿ ಎಲ್ಲ ಹೇಳಿದ್ದರು. ಅಂದೇ ಅವರನ್ನು ಹೊರಾಂಗಣದ ಕಾಡೆಮ್ಮೆಗಳ ವಿಭಾಗಕ್ಕೆ ಹಾಕಿದರು. ದಾರಿಯಲ್ಲಿ ಎದುರಾದರೆ "ಗುಡ್ ಮಾರ್ನಿಂಗ್ ಡಾಕ್ಟರ್" ಎಂದು ಇಂಗ್ಲಿಷಿನಲ್ಲಿ ಹೇಳಿ ಮುಂದೆ ಹೋಗುತ್ತಿದ್ದರು. ಅವರ ರಕ್ತ ತೆಗೆದಿದ್ದಾರೆ, ಎದೆಯ ಸ್ಕ್ಯಾನ್ ಮಾಡಿಸಿದ್ದಾರೆ ಎಂದು ಬೇರೆಯವರಿಂದ ತಿಳಿಯಿತು. ಫಲಿತಾಂಶ ಕೇಳುವ ಧೈರ್ಯವೂ ಇರಲಿಲ್ಲ, ಕೇಳುವ ಹಕ್ಕೂ ಇರಲಿಲ್ಲ.

ನಾವು ಮೂರು ಪ್ರಾಣಿಗಳನ್ನು ಪಕ್ಕದ ಕೋಣೆಗೆ ಸಾಗಿಸಿ ಕಾಂಡಗಳನ್ನು ತೆಗೆದೆವು. ಮೊದಲು ನೀರು ಸಿಂಪಡಿಸಿ ನೆನೆಸಿದೆವು. ಒಳಗೆ ಗರಗಸ ಹಚ್ಚದೆ ಇಡೀ ಕಾಂಡವನ್ನೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹೊರಗೆ ಸಾಗಿಸಿದೆವು. ಗೋಡೆ ನೆಲ ತೊಳೆದು, ಗಾಳಿಯ ಫಿಲ್ಟರ್ ಬದಲಾಯಿಸಿದೆವು. ಹೊಸ ಕಾಂಡಗಳಿಗೆ ಇಲ್ಲಿಯದೇ ಮೇಪಲ್ ಆರಿಸಿದ್ದೆ. ಗಟ್ಟಿ ಮರ, ಬೇಗ ಕೊಳೆಯುವುದಿಲ್ಲ. ತೊಗಟೆಯ ಸಂದಿಯಲ್ಲಿ ಏನೂ ಅಡಗಬಾರದೆಂದು ಪೂರ್ತಿ ತೊಗಟೆ ಸುಲಿಸಿ, ಒಣಗಿಸಿ, ನಯ ಮಾಡಿಸಿದ್ದೆ. ನೆಟ್ಟು ನಿಲ್ಲಿಸಿದಾಗ ಇಡೀ ಮನೆ ಆಸ್ಪತ್ರೆಯಂತೆ ಹೊಳೆಯಿತು. ನನಗೆ ಹೆಮ್ಮೆಯೇ ಆಯಿತು.

ಮರಳಿ ಒಳಗೆ ಬಿಟ್ಟಾಗ ಗಂಡು ಮತ್ತು ಎಳೆಯ ಹೆಣ್ಣು ಸ್ವಲ್ಪ ಕೊಸರಾಡಿ ಹೊಂದಿಕೊಂಡವು. ಬಾಣಂತಿಯ ತೂಕ ಇಳಿಯತೊಡಗಿತು.

ಮೊದಲ ದಿನ ಇಳಿದದ್ದು ಅಷ್ಟು ದೊಡ್ಡದಲ್ಲ. ಸ್ಥಳ ಬದಲಾಗಿದೆ, ಹೊಸ ಕೀಪರ್ ಬಂದಿದ್ದಾನೆ ಎಂದುಕೊಂಡೆ. ಮರುದಿನ ಇನ್ನಷ್ಟು. ಅದರ ಮರುದಿನ ಮತ್ತೂ. ಸೊಪ್ಪಿನ ಜಾತಿ ಬದಲಾಯಿಸಿದೆ. ಚಿಗುರು ಮಾತ್ರ ಆರಿಸಿಕೊಟ್ಟೆ. ಹೊಸ ಕೀಪರ್ ಅಕ್ಕನ ಹಳೆಯ ಜಾಕೆಟ್ಟನ್ನು ತೊಟ್ಟುಕೊಂಡು ಸೊಪ್ಪು ಹಿಡಿದುನೋಡಿದ. ಬಾಣಂತಿ ಆ ಹೊಸ ಕೈಯನ್ನು ಮೂಸಿ, ಮುಖ ತಿರುಗಿಸಿ, ಕೆಳಗಿನ ಕೊಂಬೆಯ ಮೇಲೆ ಮುದುಡಿ ಕೂತುಬಿಡುತ್ತಿತ್ತು. ಮರಿಗೆ ಹಾಲು ಹೋಗುತ್ತಲೇ ಇತ್ತು, ಹಾಗಾಗಿ ತಾಯಿಯ ಮೈ ಇನ್ನೂ ಬೇಗ ಕರಗುತ್ತಿತ್ತು. ಬೆನ್ನಮೇಲೆ ಕೈಯಾಡಿಸಿದರೆ ಎಲುಬು ಸಿಗತೊಡಗಿತು.

ಎರಡನೇ ಬಾರಿಯ ರಕ್ತ ಲ್ಯಾಬಿಗೆ ಹೋಗಿತ್ತು. ಬಿರುಗಾಳಿಯಿಂದ ಕೊರಿಯರ್ ತಡ, ಆಮೇಲೆ ಪರೀಕ್ಷೆಯ ಕಿಟ್ ಮುಗಿದಿದೆ ಎಂದರು. ಮನೆಯಲ್ಲಿ ನನಗೆ ಅನ್ನ ಸೇರುತ್ತಿರಲಿಲ್ಲ. ಕೆಲಸಕ್ಕೆ ಹೋಗುವಾಗ 401 ಹೆದ್ದಾರಿಯಲ್ಲಿ ಗಾಡಿಗಳು ನಿಂತಲ್ಲೇ ನಿಂತಾಗ ಬರುತ್ತಿದ್ದುದು ಒಂದೇ ಯೋಚನೆ: ನಾನು ಹೋಗಿ ಮುಟ್ಟುವ ಮೊದಲೇ ಅದು ಕೆಳಗೆ ಬಿದ್ದಿದ್ದರೆ?

ತೂಕ ಇಳಿದರೆ ಕಾಯುವುದಿಲ್ಲ ಎಂದಿದ್ದ ಮುಖ್ಯ ವೈದ್ಯರು ಕಾದಿದ್ದರು, ನನಗೋಸ್ಕರ. ಒಂದು ಬೆಳಿಗ್ಗೆ ಔಷಧದ ಬಾಟಲಿಯನ್ನು ನನ್ನ ಮೇಜಿನ ಮೇಲೆ ತಂದಿಟ್ಟರು. "ನಾಳೆ ಮೊದಲ ಡೋಸು," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನಿಮ್ಮ ವಾದ ನನಗೆ ಅರ್ಥವಾಗುತ್ತದೆ. ಆದರೆ ನಾವು ಅದು ಸಾಯುವುದನ್ನು ನೋಡುತ್ತ ಕೂತಿದ್ದೇವೆ."

ಅವರು ಹೋದ ಮೇಲೆ ಕೊಆಲಾ ಮನೆಗೆ ಹೋಗಿ ಮೂಲೆಯಲ್ಲಿ ಒಂದು ಬಕೆಟ್ ಬೋರಲು ಹಾಕಿ ಕೂತೆ. ಅಷ್ಟು ದಿನ ನಾನು ನೋಡಿದ್ದು ತೂಕದ ಅಂಕಿಯನ್ನು, ಉಳಿದ ಸೊಪ್ಪನ್ನು, ಹಿಕ್ಕೆಯನ್ನು, ಮೂಗನ್ನು, ಕಣ್ಣಪಾಪೆಯನ್ನು. ಇಡೀ ಪ್ರಾಣಿ ಏನು ಮಾಡುತ್ತದೆಂದು ಕೂತು ನೋಡಿರಲಿಲ್ಲ. ಮಾಸ್ಕಿನೊಳಗೆ ನನ್ನ ಉಸಿರೇ ನನಗೆ ದೊಡ್ಡದಾಗಿ ಕೇಳುತ್ತಿತ್ತು. ಬಾಣಂತಿ ಬಹಳ ಹೊತ್ತು ನಿದ್ದೆ ಮಾಡಿತು. ಮಧ್ಯಾಹ್ನ ದಾಟಿದ ಮೇಲೆ ಎದ್ದು, ಮೇಲಿನ ಸೊಪ್ಪಿನ ಕುಂಡದ ಕಡೆ ಮೂಗೆತ್ತಿ ಮೂಸಿತು. ಕಾಂಡ ಹಿಡಿದು ಹತ್ತತೊಡಗಿತು. ಹಸಿವಿದೆ! ಅರ್ಧ ಹತ್ತಿತ್ತು ಅಷ್ಟೆ, ಹಿಂಗಾಲು ಸರ್ರನೆ ಜಾರಿತು. ಅಪ್ಪಿಹಿಡಿದುಕೊಂಡು ನಿಂತು, ಮತ್ತೆ ಹೆಜ್ಜೆ ಎತ್ತಿತು. ಮತ್ತೆ ಜಾರಿತು. ಕೆಳಗಿಳಿದು, ಮೊದಲಿನ ಜಾಗದಲ್ಲೇ ಮುದುಡಿಕೊಂಡಿತು. ಸೊಪ್ಪು ಬೇಡವೆಂದು ಅದು ಬಿಟ್ಟಿರಲಿಲ್ಲ, ಅದಕ್ಕೆ ಸೊಪ್ಪಿನವರೆಗೆ ಮುಟ್ಟಲು ಆಗುತ್ತಿರಲಿಲ್ಲ.

ಓಡಿಹೋಗಿ ಮುಖ್ಯ ವೈದ್ಯರಿಗೆ ಹೇಳಿದೆ. ಅವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು.

"ಹಿಂಗಾಲೇ?"

"ಹೌದು."

"ನಾನು ಹೇಳಿದ ಪ್ರಾಣಿಗೂ ಶುರುವಾದದ್ದು ಹಿಂಗಾಲಿನಲ್ಲೇ."

ಅಲ್ಲಿಯವರೆಗೂ ಅದು ನನಗೆ ಹೊಳೆದಿರಲಿಲ್ಲ. ಮಿದುಳಿಗೆ ಶಿಲೀಂಧ್ರ ಇಳಿದರೆ ಕಾಲು ತಪ್ಪುತ್ತದೆ, ಪ್ರಾಣಿ ಜಾರುತ್ತದೆ. ನಾನು ನಯಗೊಳಿಸಿದ ಮೇಪಲ್ ಮೇಲೂ ಜಾರುತ್ತದೆ. ಕಣ್ಣಿಗೆ ಕಂಡ ಒಂದೇ ಸಂಗತಿ ಎರಡೂ ಕಡೆ ಸಾಕ್ಷಿ ಹೇಳುತ್ತಿತ್ತು. ಮೊದಲನೆಯದಾಗಿದ್ದರೆ ಔಷಧಕ್ಕೆ ಈಗಾಗಲೇ ತಡವಾಗಿದೆ, ತಡ ಮಾಡಿದವಳು ನಾನು. ಎರಡನೆಯದಾಗಿದ್ದರೆ, ಹಸಿದು ಬಡಕಲಾದ ತಾಯಿಯ ಹೊಟ್ಟೆಗೆ ಹಸಿವು ಕೆಡಿಸುವ ಔಷಧ ಸುರಿಯಲಿದ್ದೇವೆ. ಅರಿವಳಿಕೆ ಕೊಟ್ಟು ತಲೆಯ ಸ್ಕ್ಯಾನ್ ಮಾಡೋಣವೆಂದರೆ, ಆ ಸ್ಥಿತಿಯಲ್ಲಿ ಅದು ಏಳುತ್ತದೆಂಬ ಭರವಸೆ ಇಬ್ಬರಿಗೂ ಇರಲಿಲ್ಲ.

"ನಾಳೆ ಸಂಜೆಯವರೆಗೆ ಬಿಡಿ," ಎಂದೆ. "ಬೇರೆ ಮರ ಹಾಕಿ ನೋಡುತ್ತೇನೆ. ಅದರ ಮೇಲೂ ಜಾರಿದರೆ ನಾನೇ ಡೋಸು ಕೊಡುತ್ತೇನೆ."

"ಅದು ಜಾರುವುದು ಮಿದುಳಿನಿಂದಾದರೆ, ಈ ಒಂದು ದಿನದ ಹೊಣೆ ನಿಮ್ಮದು," ಎಂದರು ಅವರು.

"ನನ್ನದು," ಎಂದೆ.

ಬೇಕಾದದ್ದು ಉಗುರು ಇಳಿಯುವಷ್ಟು ಮೆತ್ತಗಿನ ಮರ. ತೋಟದವರು ಗೇಟಿನ ಬಳಿ ಆ ವಾರವಷ್ಟೇ ಒಂದು ಪಾಪ್ಲರ್ ಮರ ಕಡಿದಿದ್ದರು. ಹೊಸ ಕೀಪರನೂ ನಾನೂ ಹಿಮದಲ್ಲಿ ಮೊಣಕಾಲೂರಿ ಅದರ ತುದಿಯಿಂದ ಬುಡದವರೆಗೆ ಕೊಳೆತದ್ದು, ಟೊಳ್ಳಾದದ್ದು ಎಲ್ಲಾದರೂ ಇದೆಯೇ ಎಂದು ತಟ್ಟಿ, ಕೆರೆದು ನೋಡಿದೆವು. ತೊಗಟೆ ಬಿಡಬಾರದೆಂದು ನಿಯಮ ಮಾಡಿದವಳು ನಾನೇ. ಈಗ ನಾನೇ ತೊಗಟೆ ಸಮೇತ ಆರಿಸಿದೆ. ಬಿಸಿನೀರಿನ ಒತ್ತಡದಲ್ಲಿ ತೊಳೆದು, ಮಾರನೆಯ ಬೆಳಿಗ್ಗೆ ಒಳಗೆ ತಂದು, ಬಾಣಂತಿ ಕೂತ ಕೊಂಬೆಯಿಂದ ಮೇಲಿನ ಕುಂಡದವರೆಗೆ ಓರೆಯಾಗಿ ಬಿಗಿದೆವು. ಮುಖ್ಯ ವೈದ್ಯರು ಬಂದು ನನ್ನ ಪಕ್ಕ ನಿಂತರು. ಬಾಟಲಿ ಅವರ ಕೋಟಿನ ಜೇಬಿನಲ್ಲಿತ್ತು.

ಬಾಣಂತಿ ಹೊಸ ಮರವನ್ನು ನೋಡಲೇ ಇಲ್ಲ. ಬೆಳಿಗ್ಗೆ ಕಳೆಯಿತು. ಊಟದ ಹೊತ್ತು ಕಳೆಯಿತು. ಮುಖ್ಯ ವೈದ್ಯರು ಎರಡು ಬಾರಿ ಹೊರಗೆ ಹೋಗಿ ಬಂದರು. ನಾನು ಕಾಲು ಜೋಮು ಹಿಡಿದರೂ ಏಳಲಿಲ್ಲ, ಎದ್ದರೆ ಅದಕ್ಕೆ ಬೆದರಿಕೆಯಾದೀತೆಂಬ ಭಯ. ಬೆಳಕು ಓರೆಯಾಗುವ ಹೊತ್ತಿಗೆ ಅದು ಮೈಮುರಿಯಿತು. ಪಾಪ್ಲರ್‌ನ ತೊಗಟೆಗೆ ಮೂಗು ತಂದು ಮೂಸಿತು. ಒಂದು ಮುಂಗಾಲು ಇಟ್ಟಿತು, ತೆಗೆಯಿತು, ಮತ್ತೆ ಇಟ್ಟಿತು. ಉಗುರು ತೊಗಟೆಗೆ ಇಳಿದ ಚರ್ ಎಂಬ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಹಿಂಗಾಲು. ಹಿಂಗಾಲು ನಿಂತಿತು. ಇನ್ನೊಂದೂ ನಿಂತಿತು. ಒಮ್ಮೆಯೂ ತಪ್ಪದೆ ನೇರ ಮೇಲಕ್ಕೆ ಹತ್ತಿ, ಕುಂಡದ ಪಕ್ಕ ಕೂತು, ಒಂದು ಗೊಂಚಲು ಎಳೆದುಕೊಂಡು ಜಗಿಯತೊಡಗಿತು.

ಮುಖ್ಯ ವೈದ್ಯರು ಮಾಸ್ಕ್ ಸರಿಪಡಿಸಿಕೊಳ್ಳುವ ನೆಪದಲ್ಲಿ ಕಣ್ಣೊರೆಸಿಕೊಂಡರು. "ಇವತ್ತಿಗೆ ಬೇಡ," ಎಂದರು. ಜೇಬಿನ ಬಾಟಲಿ ಮತ್ತೆ ಕಪಾಟಿಗೆ ಹೋಯಿತು.

ಮೇಪಲ್ ಕಾಂಡಗಳನ್ನೆಲ್ಲ ಕಿತ್ತು ಪಾಪ್ಲರ್ ಹಾಕಿದೆವು. ಮೆತ್ತನೆ ಮರ, ಬೇಗ ಹಾಳಾಗುತ್ತದೆ, ಆಗಾಗ ಬದಲಾಯಿಸುತ್ತಲೇ ಇರಬೇಕು. ಇರಲಿ ಎಂದೆವು. ತೂಕ ಇಳಿಯುವುದು ನಿಂತಿತು, ನಿಧಾನವಾಗಿ ಏರಿತು. ಎರಡನೆಯ ರಕ್ತದ ಉತ್ತರ ಬಂತು: ನೆಗೆಟಿವ್. ಆದರೂ ಕೆಲವು ವಾರ ನಾನು ಪ್ರತಿ ಬೆಳಿಗ್ಗೆ ಮೊದಲು ನೋಡುತ್ತಿದ್ದುದು ಅದರ ಹಿಂಗಾಲನ್ನೇ.

ಮಂಜು ಕರಗಿದ ಮೇಲೆ ಒಂದು ದಿನ ಚೀಲದ ಬಾಯಿಂದ ಒಂದು ಪುಟ್ಟ ಕೈ ಹೊರಗೆ ಬಂದು ತಾಯಿಯ ಕೂದಲು ಹಿಡಿಯಿತು. ಹೊಸ ಕೀಪರ್ ಅದರ ವಿಡಿಯೋ ಎಲ್ಲರಿಗೂ ಕಳಿಸಿದ. ಅಕ್ಕನ ಹೆಸರೂ ಆ ಗುಂಪಿನಲ್ಲಿತ್ತು. ಅವರಿಂದ ಏನೂ ಉತ್ತರ ಬರಲಿಲ್ಲ. ಆ ಸಂಜೆ ಪಾರ್ಕಿಂಗಿನಲ್ಲಿ ನನ್ನ ಕಾರಿನ ಪಕ್ಕ ನಿಂತು ಕಾಯುತ್ತಿದ್ದರು.

"ನನ್ನ ರಕ್ತ, ಎದೆ ಎಲ್ಲ ಕ್ಲಿಯರ್ ಉಂಟಂತೆ," ಎಂದರು. "ಕೆಮ್ಮು ಸಾದಾ ಕೆಮ್ಮೇ. ಆದ್ರೆ ಆ ಮನೆಗೆ ಹೋಗ್ಲೇಬಾರದಂತೆ. ಯಾವತ್ತೂ."

"ತಪ್ಪು ತಿಳ್ಕೋಬ್ಯಾಡ್ರಿ ಅಕ್ಕಾರ," ಎಂದಷ್ಟೇ ಅಂದೆ.

"ತಿಳ್ಕೊಂಡಿದ್ದೆ," ಎಂದರು. "ಇನ್ನೂ ಸ್ವಲ್ಪ ಉಂಟು. ಮನೆಗೆ ಹೋಗಿ, ಟ್ರಾಫಿಕ್ ಆಗ್ತದೆ."

ಬೇಸಿಗೆಯಲ್ಲಿ ಕೊಆಲಾ ಮನೆಯನ್ನು ಜನರಿಗೆ ತೆರೆದೆವು. ಬಾಣಂತಿಯ ಮೂಗಿನಲ್ಲಿ ಕಂದು ಚುಕ್ಕೆಗಳು ಎಣಿಸಬಹುದಾದಷ್ಟಕ್ಕೆ ಇಳಿದವು, ಪೂರ್ತಿ ಹೋಗಲಿಲ್ಲ. ಮರಿ ತಾಯಿಯ ಬೆನ್ನೇರಿ ಓಡಾಡುವಷ್ಟಾದಾಗ ಅದರ ಮೂಗಿಗೂ ಮೊದಲ ಬಾರಿ ಹತ್ತಿಕಡ್ಡಿ ಹಾಕಿದೆ, ಹನಿಯಷ್ಟು ರಕ್ತ ತೆಗೆದೆ. ಒಂದೇ ಬೆಳಿಗ್ಗೆ ಎರಡೂ ಉತ್ತರ ಬಂದವು. ಹಿಂದಾಗಿದ್ದರೆ ಸೀದಾ ಮುಖ್ಯ ವೈದ್ಯರ ಕೋಣೆಗೆ ಓಡುತ್ತಿದ್ದೆ. ಅಂದು ನನ್ನ ಕಾಲು ಕಾಡೆಮ್ಮೆಗಳ ಅಂಗಳದ ಕಡೆ ನಡೆಯಿತು. ಅಕ್ಕ ಬೇಲಿಯಾಚೆ ತೊಟ್ಟಿಗೆ ಹುಲ್ಲು ಹಾಕುತ್ತಿದ್ದರು.

"ಮರಿ ಮೂಗಿನಾಗೂ ಬಂದದ ಅಕ್ಕಾರ," ಎಂದೆ.

ಅವರು ಕವೆಗೋಲು ನೆಲಕ್ಕೂರಿ ನಿಂತರು.

"ರಕ್ತದಲ್ಲಿ?"

"ಇಲ್ಲ."

"ಸೊಪ್ಪು ತಿಂತದಾ?"

"ತಿಂತದ. ಅವ್ವನ ಬಾಯಾಗಿಂದ ಕಸಗೊಂಡು ತಿಂತದ."

ಅವರು ನಕ್ಕರು. ಆ ಚಳಿಗಾಲದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅಂದೇ.

"ಹಾಗಾದ್ರೆ ನೀವೂ ಹೋಗಿ ಎಂತಾದ್ರೂ ತಿನ್ನಿ ಮಾರಾಯ್ತಿ," ಎಂದು, ಮತ್ತೆ ಹುಲ್ಲೆತ್ತಲು ಬಗ್ಗಿದರು.